ಚೀಟಿಯಿಲ್ಲದ ಆರು ಸೀಸೆಗಳು

ನವೆಂಬರ್ 20

ಸೊಸೆಗೆ,

ಅತ್ತೆ ಬರೆಯುವುದು. ಇಷ್ಟು ಬರೆದು ಎದ್ದು ಹೋಗಿ ಒಲೆ ಒರೆಸಿ ಬಂದೆ.

ಇದರ ಜೊತೆ ಒಂದು ಕ್ಯಾರೆಟ್ ಎಲೆ ಇದೆ. ಬೀಜದ ಉಗ್ರಾಣದ ಹಿಂದಿನ ಮಡಿಗಳಲ್ಲಿ ಬೀಜಕ್ಕೆಂದು ಬಿಟ್ಟ ಕ್ಯಾರೆಟ್ ಗಿಡಕ್ಕೆಲ್ಲ ಹೇನು ಬಿದ್ದಿದೆ. ಎಲೆ ಮುದುಡಿ ಅಂಟಂಟಾಗಿದೆ. ನಮ್ಮ ಉಗ್ರಾಣದ ಯಜಮಾನರು, "ಯಾವ ಹೇನು ಅಂತ ಗೊತ್ತಾಗದೆ ಔಷಧಿ ಹೊಡೆಯೋದು ಬೇಡ" ಎಂದರು. ನನ್ನ ಬಾಯಿಂದ, "ನನ್ನ ಸೊಸೆ ಅದೇ ಕೆಲಸ ಮಾಡೋದು, ಕೇಳ್ತೀನಿ" ಎಂದು ಬಂದುಬಿಟ್ಟಿತು. ಅಂದ ಮೇಲೆ ನೆನಪಾಯಿತು, ನಾವು ಮಾತು ಬಿಟ್ಟು ಒಂದು ವರ್ಷ ಎಂಟು ತಿಂಗಳಾಯಿತೆಂದು.

"ಇವಳ ಹುಳ ಹಿಡಿಯೋಕೆ ಹೋಗಿ ಸತ್ತ ನನ್ನ ಮಗ" ಎಂದು ಅಷ್ಟು ಜನರ ಮುಂದೆ ಅಂದವಳು ನಾನು. ಇವತ್ತು ಅದೇ ಹುಳವನ್ನು ಲಕೋಟೆಗೆ ಹಾಕಿ ನಿನಗೆ ಕಳಿಸುತ್ತಿದ್ದೇನೆ. ಯಾವ ಮುಖ ಇಟ್ಟುಕೊಂಡು ಎಂದು ನೀನು ಕೇಳಬಹುದು. ನನಗೂ ಗೊತ್ತಿಲ್ಲ. ನೀನು ಹೋದ ಮೇಲೆ ಈ ಮನೆಯಲ್ಲಿ ಅವನ ಹೆಸರು ಹಿಡಿದು ಮಾತಾಡಲು ಇನ್ನೊಬ್ಬರಿಲ್ಲ. ಉತ್ತರ ಬರೆಯುವುದು, ಬಿಡುವುದು ನಿನಗೆ ಸೇರಿದ್ದು. ಹುಳದ ಬಗ್ಗೆ ಮಾತ್ರ ಬರೆದರೂ ಸಾಕು.

ನಿನ್ನ ಅತ್ತೆ


ಡಿಸೆಂಬರ್ 4

ಅತ್ತೆಯವರಿಗೆ,

ಪತ್ರ ತಲುಪಿತು. ಎಲೆಯ ಮೇಲೆ ಇದ್ದದ್ದು ದಾರಿಯಲ್ಲಿ ಅರೆದುಹೋಗಿ ಹಸಿರು ಕಲೆಯಾಗಿದೆ. ಅದರಿಂದ ಏನೂ ಹೇಳಲಾಗದು.

ಪುಟ್ಟ ಗಾಜಿನ ಸೀಸೆಗೆ ಮುಕ್ಕಾಲು ಭಾಗ ಸ್ಪಿರಿಟ್ ತುಂಬಿಸಿ. ಒದ್ದೆ ಕುಂಚದ ತುದಿಯಿಂದ ಹೇನುಗಳನ್ನು ಎತ್ತಿ ಅದರೊಳಗೆ ಬಿಡಿ. ಮರಿಗಳು ಬೇಡ, ಬಲಿತವು ಬೇಕು. ರೆಕ್ಕೆ ಇರುವವು ಸಿಕ್ಕರೆ ಅವೂ ಇರಲಿ. ಚೀಟಿ ಸೀಸೆಯ ಒಳಗೇ ಇರಬೇಕು: ಯಾವ ಗಿಡ, ಯಾವ ಜಾಗ, ಯಾವ ದಿನ, ಹಿಡಿದವರು ಯಾರು. ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿ ಹೋಗುತ್ತದೆ. ಚೀಟಿಯಿಲ್ಲದ ಹುಳದಿಂದ ನಮಗೆ ಉಪಯೋಗವಿಲ್ಲ.

ನಿಮ್ಮ ಮಗನ ಮರದ ಡಬ್ಬಿಯಲ್ಲಿ ಖಾಲಿ ಸೀಸೆಗಳಿದ್ದವು. ಕ್ಯಾರೆಟ್, ಕೊತ್ತಂಬರಿ ವಂಶದ ಗಿಡಗಳ ಹೇನುಗಳ ಪಟ್ಟಿ ಮಾಡುತ್ತಿದ್ದೆವಲ್ಲ, ಅದಕ್ಕೆಂದು ಅವರು ಹಿಡಿದ ಕೊನೆಯ ಹುಳಗಳೂ ಅದರಲ್ಲೇ ಇದ್ದವು. ಡಬ್ಬಿ ಎಸೆದುಬಿಟ್ಟೆ ಎಂದಿರಿ. ಪಟ್ಟಿ ಅಲ್ಲಿಗೇ ನಿಂತಿತು. ಇರಲಿ. ಹೊಸ ಸೀಸೆಗಳನ್ನು ಬೇರೆಯಾಗಿ ಕಳಿಸಿದ್ದೇನೆ.

ಇಂತಿ,
ಸೊಸೆ


ಡಿಸೆಂಬರ್ 19

ಸೊಸೆಗೆ,

ನೀನು ಹೇಳಿದ ಹಾಗೇ ಮಾಡಿದ್ದೇನೆ. ಒಂದು ಸೀಸೆ ಕ್ಯಾರೆಟ್ಟಿನದು, ಇನ್ನೊಂದು ಕೊತ್ತಂಬರಿಯದು. ಸಂತೆಯಲ್ಲಿ ಕೊಂಡ ಕನ್ನಡಕ ಹಾಕಿಕೊಂಡು ಹೇನು ಎತ್ತಲು ಎರಡು ಮಧ್ಯಾಹ್ನ ಹಿಡಿಯಿತು. ಮೊದಮೊದಲು ಕುಂಚ ತಾಗಿದ್ದೇ ತಡ, ಒಡೆದು ಹೋಗುತ್ತಿದ್ದವು. ಆಮೇಲೆ ಕೈಗೆ ಬಂತು. ಬೀಜಗಳ ತಪಾಸಣೆಗೆಂದು ಊರೂರು ಸುತ್ತುತ್ತಿದ್ದ ನಿನ್ನ ಗಂಡ ಹೊಲದ ಬದುವಿನಲ್ಲಿ ಮೊಣಕಾಲೂರಿ ಇದನ್ನೇ ಮಾಡುತ್ತಿದ್ದುದನ್ನು ನೋಡಿ, "ಕೆಲಸ ಇಲ್ಲದವನು" ಎಂದು ಬೈಯುತ್ತಿದ್ದೆ. ಈಗ ನನ್ನ ಮೊಣಕಾಲು ನೋಯುತ್ತಿದೆ.

ಅಂಚೆ ಕಚೇರಿಯ ಕೌಂಟರಿನವಳು ಪೊಟ್ಟಣ ಅಲ್ಲಾಡಿಸಿ, "ಏನಮ್ಮಾ ಇದರಲ್ಲಿ, ಗುಳುಗುಳು ಅಂತಿದೆ?" ಎಂದಳು.

"ಹೇನು" ಎಂದೆ.

ತಟ್ಟನೆ ಕೈ ಬಿಟ್ಟಳು. "ತಲೇದಾ?"

"ಅಲ್ಲ, ಕೊತ್ತಂಬರೀದು."

"ಅದನ್ನ ಯಾರಿಗೆ ಕಳಿಸ್ತಿದೀರಿ?"

"ಸೊಸೆಗೆ."

ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು, "ಅತ್ತೆ ಅಂದ್ರೆ ಹೀಗಿರ್ಬೇಕು ನೋಡಿ" ಎಂದರು. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ, ಕೆನ್ನೆ ನೋವಾಯಿತು.

ನಿನ್ನ ಊಟ ತಿಂಡಿ ಹೇಗೆ, ಬಾಡಿಗೆ ಕೋಣೆಗೆ ಬಿಸಿಲು ಬರುತ್ತದೆಯೇ ಎಂದು ಕೇಳಬೇಕೆನಿಸಿತು. ಹುಳದ ಬಗ್ಗೆ ಮಾತ್ರ ಎಂದು ನಾನೇ ಹೇಳಿದ್ದೆನಲ್ಲ, ಅದಕ್ಕೆ ಕೇಳುತ್ತಿಲ್ಲ.

ನಿನ್ನ ಅತ್ತೆ


ಜನವರಿ 8

ಅತ್ತೆಯವರಿಗೆ,

ಎರಡೂ ಸೀಸೆ ಚೆನ್ನಾಗಿ ಬಂದಿವೆ. ಚೀಟಿಗಳೂ ಸರಿಯಾಗಿವೆ. "ಹಿಡಿದವರು: ಅತ್ತೆ" ಎಂದು ಬರೆದಿದ್ದೀರಿ. ನಮ್ಮ ದಾಖಲೆ ಪುಸ್ತಕದಲ್ಲಿ ಹಾಗೆ ಬರೆಯಲು ಬರುವುದಿಲ್ಲ, ನಿಮ್ಮ ಹೆಸರನ್ನೇ ಹಾಕಿದ್ದೇನೆ.

ಕ್ಯಾರೆಟ್ಟಿನದರ ಶಾಸ್ತ್ರೀಯ ಹೆಸರು ಕವರಿಯೆಲ್ಲಾ ಈಗೊಪೋಡೈ. ಗುರುತು ಸುಲಭ. ಇದಕ್ಕೆ ಬಾಲದ ಮೇಲೆ ಇನ್ನೊಂದು ಮೊಂಡು ಬಾಲ ಇದೆ. ಬೆನ್ನಿನ ಹಿಂದೆ ಚಾಚಿರುವ ಎರಡು ಕೊಳವೆಗಳು ತುದಿಯ ಹತ್ತಿರ ಉಬ್ಬಿಕೊಂಡಿರುತ್ತವೆ. ಕೊತ್ತಂಬರಿಯದು ಹಯಾಡಾಫಿಸ್ ಕೊರಿಯಾಂಡ್ರಿ. ಇದಕ್ಕೆ ಎರಡನೇ ಬಾಲ ಇಲ್ಲ. ಗಿಡದ ಮೇಲೆ ಇದ್ದಾಗ ಮೈಗೆ ಬೂದಿ ಎರಚಿದ ಹಾಗೆ ಮೇಣ ಇದ್ದಿರಬೇಕು. ನೀವು ನೋಡಿದಿರಾ? ಗುಲಗಂಜಿ ಹುಳಗಳು ಬಂದಿದ್ದರೆ ಔಷಧಿ ಬೇಡ, ಅವೇ ತಿಂದು ಮುಗಿಸುತ್ತವೆ ಎಂದು ಯಜಮಾನರಿಗೆ ಹೇಳಿ.

ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ನಾವು ಹೇನಿನ ಹೊಟ್ಟೆಗೆ ಸೂಜಿ ಚುಚ್ಚಿ ಕಾಸ್ಟಿಕ್ ನೀರಿನಲ್ಲಿ ಕಾಯಿಸುತ್ತೇವೆ. ಒಳಗಿನದು ಕರಗಿ ಮೈ ಗಾಜಿನಂತಾಗುತ್ತದೆ. ಒಮ್ಮೊಮ್ಮೆ ಹೊಟ್ಟೆಯೊಳಗಿನ ಮರಿಗಳು ಕರಗದೆ ಉಳಿಯುತ್ತವೆ. ಅವುಗಳ ಕಣ್ಣು ಎರಡು ಚುಕ್ಕಿಗಳಾಗಿ ಕಾಣುತ್ತದೆ. ಬೆಚ್ಚಗಿನ ದಿನಗಳಲ್ಲಿ ಇವುಗಳಲ್ಲಿ ಗಂಡೇ ಇರುವುದಿಲ್ಲ. ತಾಯಿಯ ಹೊಟ್ಟೆಯಲ್ಲಿ ಮಗಳು, ಆ ಮಗಳ ಹೊಟ್ಟೆಯಲ್ಲಿ ಆಗಲೇ ಮೊಮ್ಮಗಳು.

ಕೋಣೆಗೆ ಬೆಳಗ್ಗೆ ಒಂದು ಗಂಟೆ ಹೊತ್ತು ಬಿಸಿಲು ಬರುತ್ತದೆ.

ಇಂತಿ,
ಸೊಸೆ


ಜನವರಿ 25

ಸೊಸೆಗೆ,

ನೀನು ಬರೆದ ಆ ಹೆಸರುಗಳನ್ನು ಓದಿ ಮುಗಿಸುವಷ್ಟರಲ್ಲಿ ಹೇನು ಇನ್ನೊಂದು ತಲೆಮಾರು ಹೆತ್ತಿರುತ್ತದೆ. ನಾನು ಒಂದಕ್ಕೆ ಜೋಡಿಬಾಲ, ಇನ್ನೊಂದಕ್ಕೆ ಬೂದಿಹೇನು ಎಂದು ಹೆಸರಿಟ್ಟಿದ್ದೇನೆ. ಉಗ್ರಾಣದಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದಾರೆ.

ಗಂಡೇ ಇಲ್ಲ ಎಂದೆಯಲ್ಲ, ಅದನ್ನು ಬಹಳ ಹೊತ್ತು ಯೋಚಿಸಿದೆ. ಗಂಡುಮಕ್ಕಳೇ ಇಲ್ಲದ ಮೇಲೆ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಎಲ್ಲ ತಾಯಿ ಮಗಳೇ. ಜಗಳವೇ ಇರಲಿಕ್ಕಿಲ್ಲ. ಹಾಗಂದುಕೊಂಡೆ, ಆದರೆ ಗಂಡುಮಗ ಹುಟ್ಟದ ಬಾಳು ನನಗೆ ಬೇಕಿತ್ತೇ ಎಂದು ಕೇಳಿಕೊಂಡರೆ, ಬೇಡ. ಮೂವತ್ತೊಂದು ವರ್ಷಕ್ಕೆ ಕಳೆದುಕೊಂಡರೂ ಅವನು ಇದ್ದದ್ದೇ ಬೇಕು.

ಈಗ ಕ್ಯಾರೆಟ್ ಬೀಜ ಉಜ್ಜುವ ಕೆಲಸ. ಅದರ ಮೈಮೇಲಿನ ಸಣ್ಣ ಮುಳ್ಳು ಹೋಗುವವರೆಗೂ ಅಂಗೈಯಲ್ಲಿ ಉಜ್ಜಿ, ಜರಡಿ ಹಿಡಿದು, ಚೀಲಕ್ಕೆ ತುಂಬಿ, ಚೀಟಿ ಕಟ್ಟಬೇಕು. ಮೊನ್ನೆ ಹೊಸ ಹೆಂಗಸೊಬ್ಬಳು ಚೀಟಿ ಕಟ್ಟದೆ ಎರಡು ಚೀಲ ಪಕ್ಕಕ್ಕಿಟ್ಟಳು. "ಸಬ್ಬಸಿಗೆಯೋ ಸೋಂಪೋ ಅಂತ ನಿನ್ನ ಅಜ್ಜಿ ಬಂದು ಹೇಳ್ತಾಳಾ?" ಎಂದು ಬೈದೆ. ಬೈದಾದ ಮೇಲೆ ನನಗೇ ಒಂದು ಥರವಾಯಿತು. ಏಕೆಂದು ಈಗ ಬರೆಯುವುದಿಲ್ಲ.

ಇನ್ನು ಬಿಸಿಲು ಏರುತ್ತದೆ. ಹೇನು ಕಡಿಮೆಯಾಗುತ್ತವಂತೆ. ಎಲ್ಲರಿಗೂ ಸಂತೋಷ. ನಾನು ಮಾತ್ರ ದಿನಾ ಹೋಗಿ ಎಲೆ ತಿರುವಿ ನೋಡಿ ಬರುತ್ತೇನೆ. ಹುಳ ಇಲ್ಲವಾದರೆ ನಿನಗೆ ಏನೆಂದು ಬರೆಯಲಿ?

ನಿನ್ನ ಅತ್ತೆ


ಏಪ್ರಿಲ್ 6

ಸೊಸೆಗೆ,

ನಾಲ್ಕು ಸೀಸೆ ಕಳಿಸಿದ್ದೇನೆ. ಸಬ್ಬಸಿಗೆ, ಓಮ, ಜೀರಿಗೆ, ಸೋಂಪು. ಹೋದ ವಾರ ಹಿಡಿದದ್ದು. ಬೇಗ ನೋಡಿ ಬರೆ.

ನಿನ್ನ ಅತ್ತೆ


ಏಪ್ರಿಲ್ 22

ಅತ್ತೆ,

ಇವು ಹೋದ ವಾರ ಹಿಡಿದ ಹುಳಗಳಲ್ಲ.

ಸೂಜಿ ತಾಗಿದರೆ ಕಾಲು, ಮೀಸೆ ಮುರಿದು ಬೀಳುತ್ತಿವೆ. ವಾರದ ಹುಳ ಹೀಗೆ ಮುರಿಯುವುದಿಲ್ಲ. ಸ್ಪಿರಿಟ್ ಚಹಾದ ಬಣ್ಣಕ್ಕೆ ತಿರುಗಿದೆ. ಸಬ್ಬಸಿಗೆ ಎಂದು ನೀವು ಬರೆದ ಸೀಸೆಯ ತಳದಲ್ಲಿ ಕೊತ್ತಂಬರಿ ಎಲೆಯ ಚೂರಿದೆ. ಇದೆಲ್ಲ ಹೋಗಲಿ. ನಾಲ್ಕು ಸೀಸೆಯಲ್ಲೂ ಹುಳದ ಮೇಲೆ ಕಡಲೆ ಗಾತ್ರದ ಹತ್ತಿ ಉಂಡೆ ಇದೆ. ಹುಳ ಅಲುಗಾಡಿ ಮುರಿಯದಿರಲಿ ಎಂದು ಹಾಗೆ ಇಡುವುದನ್ನು ನಾನು ಒಬ್ಬರಿಗೇ ಹೇಳಿಕೊಟ್ಟದ್ದು. ನಿಮಗೆ ಹೇಳಿಲ್ಲ.

ಮೊದಲ ಸೀಸೆಯ ಮುಚ್ಚಳ ತೆಗೆದು ಆ ಹತ್ತಿ ಕಂಡ ಕೂಡಲೇ ಎದ್ದು ಹೊರಗೆ ಹೋದೆ. ನಮ್ಮ ವಿಭಾಗದ ಮುಖ್ಯಸ್ಥರು, "ಏನಾಯ್ತಮ್ಮಾ, ಸ್ಪಿರಿಟ್ ವಾಸನೆ ತಲೆಗೆ ಹತ್ತಿತಾ?" ಎಂದು ಕೇಳಿದರು. ಹೂಂ ಎಂದೆ.

ಡಬ್ಬಿ ಎಸೆದಿಲ್ಲ, ಅಲ್ಲವೇ? ಹಾಗಾದರೆ ಅವರು ಬರೆದ ಚೀಟಿಗಳು ಎಲ್ಲಿ?

ಸೊಸೆ


ಮೇ 1

ಸೊಸೆಗೆ,

ಅವನು ನಿನಗೆ ಭೂತಗನ್ನಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಡಬ್ಬಿ ಎಸೆದಿಲ್ಲ. ನಿನ್ನ ಕೈಗೆ ಕೊಡಬಾರದು ಎಂಬ ಹಟಕ್ಕೆ ಹಾಗೆ ಹೇಳಿದೆ. ನೀನು ಹೊರಟ ವಾರವೇ ಅದನ್ನು ತೆಗೆದೆ. ಹುಳವಿದ್ದ ಸೀಸೆ ಆರು ಇದ್ದವು. ಒಳಗೆ ಅವನ ಅಕ್ಷರ ಕಾಣುತ್ತಿತ್ತು, ಸ್ಪಿರಿಟ್‌ನಲ್ಲಿ ಸ್ವಲ್ಪ ದೊಡ್ಡದಾಗಿ. ಈ ಮನೆಯಲ್ಲಿ ಅವನ ಅಕ್ಷರ ಬೇರೆಲ್ಲೂ ಇಲ್ಲ. ಶಾಲೆಯ ಪುಸ್ತಕ ಎಲ್ಲ ಹಿಂದೆಯೇ ರದ್ದಿಗೆ ಹಾಕಿದ್ದೆ. ಆರೂ ಚೀಟಿ ಹೊರಗೆ ತೆಗೆದು, ಟವೆಲ್ ಮೇಲೆ ಒಣಗಿಸಿ, ಹಾಸಿಗೆಯ ಕೆಳಗೆ ಇಟ್ಟುಕೊಂಡೆ. ಯಾವ ಚೀಟಿ ಯಾವ ಸೀಸೆಯದು ಎಂದು ಗುರುತು ಮಾಡಬೇಕೆಂದು ಆಗ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷ ಬೀಜದ ಚೀಲಕ್ಕೆ ಚೀಟಿ ಕಟ್ಟಿದವಳು ಮಾಡಿದ ಕೆಲಸ ಇದು.

ಮಡಿಯಲ್ಲಿ ಹೇನು ಮುಗಿಯಿತು. ಪತ್ರವೂ ಮುಗಿಯುತ್ತದೆ ಎಂದು ಹೆದರಿ ಅವನ ಸೀಸೆಗಳಿಗೆ ನನ್ನ ಚೀಟಿ ಹಾಕಿ ಕಳಿಸಿದೆ. ಗಿಡದ ಹೆಸರು ಬಾಯಿಗೆ ಬಂದದ್ದು ಬರೆದೆ.

ಉಳಿದ ಎರಡು ಸೀಸೆ ಇದರ ಜೊತೆ ಇವೆ. ಆರು ಚೀಟಿಯಲ್ಲಿ ಇದ್ದದ್ದನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿ ಇಟ್ಟಿದ್ದೇನೆ. ಚೀಟಿಗಳನ್ನೇ ಕಳಿಸು ಎಂದು ಕೇಳಬೇಡ. ಅಷ್ಟು ಮಾತ್ರ ಕೇಳಬೇಡ.

ನಿನ್ನ ಅತ್ತೆ


ಮೇ 15

ಅತ್ತೆ,

ಬೈದು ಒಂದು ಪತ್ರ ಬರೆದಿದ್ದೆ. ಕಳಿಸಲಿಲ್ಲ. ನನ್ನ ಬಳಿ ಅವರ ಅಕ್ಷರದ ಚೀಟಿಗಳು ನೂರಾರಿವೆ, ಎಲ್ಲ ಹಳೆಯ ಸೀಸೆಗಳಲ್ಲಿ. ನಿಮಗೆ ಒಂದೂ ಇರಲಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ.

ನಾಲ್ಕು ಸೀಸೆ ಅವುಗಳ ಚೀಟಿಗೆ ಕೂಡಿಬಂದವು. ಎಲೆಯ ಚೂರು, ಹೂವಿನ ಚೂರು, ಹುಳದ ಜಾತಿ ಎಲ್ಲ ನೋಡಿ ಕೊತ್ತಂಬರಿ, ಓಮ, ಜೀರಿಗೆ, ಸಬ್ಬಸಿಗೆ ಯಾವುವೆಂದು ಧೈರ್ಯವಾಗಿ ಹೇಳಬಲ್ಲೆ. ಉಳಿದವು ಎರಡು, ಎರಡೂ ಸೋಂಪಿನವು. ಒಂದೇ ಹೊಲ, ಒಂದೇ ಜಾತಿಯ ಹೇನು. ಚೀಟಿಯಲ್ಲಿ ದಿನ ಮಾತ್ರ ಬೇರೆ: ಮಾರ್ಚ್ 4, ಮಾರ್ಚ್ 13. ಒಂದು ಸೀಸೆಯಲ್ಲಿ ರೆಕ್ಕೆ ಇಲ್ಲದವು ಮಾತ್ರ ಇವೆ, ಇನ್ನೊಂದರಲ್ಲಿ ರೆಕ್ಕೆ ಬಂದವು ತುಂಬಿವೆ. ಗಿಡ ಒಣಗತೊಡಗಿದರೆ, ಇಲ್ಲವೇ ಹೇನು ಕಿಕ್ಕಿರಿದರೆ ರೆಕ್ಕೆಯವು ಹುಟ್ಟುತ್ತವೆ, ಹಾರಿ ಬೇರೆ ಗಿಡ ಹುಡುಕುತ್ತವೆ. ಆ ದಿನಗಳಲ್ಲಿ ಸೋಂಪಿನ ಹೊಲ ಹೇಗಿತ್ತೆಂದು ಗೊತ್ತಾದರೆ ಇದೂ ಬಗೆಹರಿಯುತ್ತದೆ. ಪಟ್ಟಿ ಪೂರ್ತಿಯಾಗುತ್ತದೆ. ಅವರ ಹೆಸರಿನಲ್ಲೇ ಅಚ್ಚಾಗುತ್ತದೆ.

ನೀವು ದಿನಾ ದಿನಚರಿ ಬರೆಯುತ್ತಿದ್ದಿರಿ. ಆ ವರ್ಷದ್ದು ಇದೆಯೇ? ಮಾರ್ಚ್ 4ರಿಂದ 13ರವರೆಗೆ ನೋಡಿದರೆ ಸಾಕು. ಅಲ್ಲಿಗೆ ಮುಚ್ಚಿಡಿ. ಮುಂದಿನ ಪುಟ ತೆಗೆಯಬೇಡಿ. ಅದರಿಂದ ನಮಗೆ ಏನೂ ಆಗಬೇಕಿಲ್ಲ.

ಸೊಸೆ


ಮೇ 28

ಸೊಸೆಗೆ,

ದಿನಚರಿ ಇತ್ತು. ಆ ಮಾರ್ಚ್ ಆದ ಮೇಲೆ ಅದನ್ನು ಮುಟ್ಟಿರಲಿಲ್ಲ. ನಿನಗೆ ಬೇಕಾದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಮಾರ್ಚ್ 4. ಸೋಂಪು ಇನ್ನೂ ಹಸಿರು. ಮಗ ಬಂದು ಹುಳ ಹಿಡಿದುಕೊಂಡು ಹೋದ.

ಮಾರ್ಚ್ 7. ಸೋಂಪಿಗೆ ನೀರು ನಿಲ್ಲಿಸಿದರು. ಬೀಜ ಒಣಗಬೇಕು.

ಮಾರ್ಚ್ 11. ಸೋಂಪಿನ ಎಲೆ ಹಳದಿಯಾಗಿದೆ.

ಮಾರ್ಚ್ 13. ಸಂಜೆ ಮಗ ಹೊಲಕ್ಕೆ ಬಂದ. "ಅಮ್ಮ, ಇಲ್ನೋಡು, ಇವಕ್ಕೆ ರೆಕ್ಕೆ ಬಂದಿದೆ. ಭೂತಗನ್ನಡಿ ಕೇಳಿದ್ದೆಲ್ಲ ಸಿಕ್ತು. ಇನ್ನು ಹುಳದ ಕೆಲಸ ಮುಗೀತು" ಎಂದ. ಸೀಸೆ ಬೆಳಕಿಗೆ ಹಿಡಿದು ತೋರಿಸಿದ. ನನಗೆ ಏನೂ ಕಾಣಲಿಲ್ಲ.

ರೆಕ್ಕೆಯವು 13ರದ್ದು. ನಿನ್ನ ಪಟ್ಟಿ ಪೂರ್ತಿಯಾಯಿತು.

ಮುಂದಿನ ಪುಟ ತೆಗೆಯಬೇಡಿ ಎಂದು ನೀನು ಬರೆದಿದ್ದೆ. ನಾನು ತೆಗೆದೆ. ಮಧ್ಯಾಹ್ನ ಊಟವಾದ ಮೇಲೆ ಬರೆದದ್ದು:

ಮಾರ್ಚ್ 14. ಮಗನಿಗೆ ರಜೆ. ಮನೇಲೇ ಇರ್ತೀನಿ ಅಂದ. ಕನ್ನಡಕ ರಿಪೇರಿಗೆ ಕೊಟ್ಟು ಹದಿನೈದು ದಿನ ಆಯ್ತು, ತಂದುಕೊಡು ಅಂದೆ. ನಾಳೆ ತರ್ತೀನಮ್ಮ ಅಂದ. ನಿನ್ನ ನಾಳೆ ಯಾವತ್ತೂ ಬರಲ್ಲ ಅಂತ ರೇಗಿದೆ. ಊಟ ಮಾಡಿ ಗಾಡಿ ತಗೊಂಡು ಹೋದ.

ಅಷ್ಟೇ. ಆಮೇಲಿನ ಪುಟಗಳೆಲ್ಲ ಖಾಲಿ.

ಅವನು ಅವತ್ತು ನಿನ್ನ ಹುಳಕ್ಕೆ ಹೋಗಿರಲಿಲ್ಲ. ನನ್ನ ಕನ್ನಡಕಕ್ಕೆ ಹೋದ. ಮರೆತಿದ್ದೆ ಎಂದರೆ ಸುಳ್ಳು. ಅವತ್ತು ಜನ ಎಲ್ಲ, "ಯಾಕೆ ಆ ರಸ್ತೆಗೆ ಹೋದ, ಯಾಕೆ ಹೋದ" ಎಂದು ಕೇಳುತ್ತಿದ್ದರು. ನೀನು ಬಾಗಿಲ ಹತ್ತಿರ ನಿಂತಿದ್ದೆ. ನನ್ನ ಬೆರಳು ನಿನ್ನ ಕಡೆ ಹೋಯಿತು. ಒಮ್ಮೆ ಹೇಳಿದ ಮೇಲೆ ಅದನ್ನೇ ನಿಜ ಮಾಡಿಕೊಂಡೆ. ಇಲ್ಲದಿದ್ದರೆ ಬೆಳಗ್ಗೆ ಏಳಲು ಆಗುತ್ತಿರಲಿಲ್ಲ.

ಇದನ್ನು ಬರೆಯದೆ ಇದ್ದಿದ್ದರೆ ನಿನ್ನ ಪತ್ರ ಬರುತ್ತಲೇ ಇರುತ್ತಿತ್ತು. ಎರಡು ದಿನ ಅದನ್ನೇ ತೂಗಿ ನೋಡಿದೆ. ಇನ್ನು ನೀನು ಬರೆಯದಿದ್ದರೆ ನಾನು ಕೇಳುವುದಿಲ್ಲ.

ಆರೂ ಚೀಟಿಗಳನ್ನು ಇದರಲ್ಲೇ ಇಟ್ಟಿದ್ದೇನೆ. ಅವು ಸೀಸೆಯಲ್ಲೇ ಇರಲಿ.

ಅತ್ತೆ


ಆಗಸ್ಟ್ 3

ಅತ್ತೆ,

ಎರಡು ತಿಂಗಳ ಮೇಲಾಯಿತು. ಪ್ರತಿ ಭಾನುವಾರ ಬರೆಯಲು ಕೂತು ಏಳುತ್ತಿದ್ದೆ.

ನನಗೆ ಗೊತ್ತಿತ್ತು.

ಅವರು ಕನ್ನಡಕದ ಅಂಗಡಿಯಿಂದ ನನಗೆ ಫೋನ್ ಮಾಡಿದ್ದರು. ನಾನು ಕೆಲಸದಲ್ಲಿದ್ದೆ. "ಹಳೇ ಫ್ರೇಮ್ ಮುರಿದೇ ಹೋಗಿದೆಯಂತೆ, ಹೊಸದು ಹಾಕಿಸಿದೆ. ಅಮ್ಮ ಬೈತಾಳೆ, ನೀನು ಸ್ವಲ್ಪ ನನ್ನ ಪರ ಮಾತಾಡು" ಎಂದರು. "ನೀವುಂಟು, ನಿಮ್ಮ ಅಮ್ಮ ಉಂಟು, ನನ್ನನ್ನ ಯಾಕೆ ಎಳೀತೀರಿ" ಎಂದು ನಕ್ಕೆ. ಅದೇ ಕೊನೆ.

ನೀವು ಜನರ ಮುಂದೆ ಹಾಗಂದಾಗ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ನಿಮ್ಮನ್ನು ನೋಡಿದೆ. ಗೋಡೆ ಹಿಡಿದು ನಿಂತಿದ್ದಿರಿ. ನುಂಗಿಕೊಂಡೆ. ಆದರೆ ಅದು ಹೊಟ್ಟೆಯಲ್ಲಿ ಸುಮ್ಮನೆ ಕೂರುವಂಥದ್ದಲ್ಲ. ಒಂದೇ ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದರೆ, ಹಾಲು ಉಕ್ಕಿದ್ದಕ್ಕೋ ಬಾಗಿಲು ಬಡಿದದ್ದಕ್ಕೋ ಮಾತು ಬೆಳೆದ ಒಂದು ದಿನ ಅದು ಬಾಯಿಂದ ಬಂದೇಬಿಡುತ್ತಿತ್ತು. ಅದಕ್ಕೇ ಹೊರಟೆ. ನೀವು ಬೈದದ್ದಕ್ಕೆ ಹೊರಟಳು ಎಂದು ಎಲ್ಲರೂ ತಿಳಿದರು. ನೀವೂ ತಿಳಿದಿರಿ.

ನಾನು ದೊಡ್ಡ ಮನಸ್ಸಿನವಳೆಂದುಕೊಳ್ಳಬೇಡಿ. ಇಲ್ಲಿಂದ ಎಷ್ಟೋ ಸಲ ಬರೆದು ಹರಿದಿದ್ದೇನೆ. ಮೊದಲ ಸಲ ಹುಳ ಕಳಿಸಿದಿರಲ್ಲ, ಅವತ್ತೂ ಬರೆದಿದ್ದೆ. ಪುಟ ತೆಗೆಯಬೇಡಿ ಎಂದು ಬರೆದಾಗಲೂ, ತೆಗೆಯಲಿ ಎಂದು ಒಳಗೆ ಒಂದು ಕಡೆ ಆಸೆ ಇತ್ತು. ನೀವಾಗಿ ಹೇಳುತ್ತೀರೆಂದು ಮಾತ್ರ ಅಂದುಕೊಂಡಿರಲಿಲ್ಲ. ಓದಿದ ಮೇಲೆ ಗೆದ್ದೆ ಎನಿಸಬೇಕಿತ್ತು. ನಿಮ್ಮ ಅಕ್ಷರ ಗೆರೆ ಬಿಟ್ಟು ಹೋಗಿದ್ದನ್ನೇ ನೋಡುತ್ತ ಕೂತಿದ್ದೆ.

ಪಟ್ಟಿ ಅಚ್ಚಿಗೆ ಹೋಗಿದೆ. ಅವರ ಹೆಸರಿನ ಕೆಳಗೆ ನಿಮ್ಮದೂ ಇದೆ, ಕ್ಯಾರೆಟ್ ಒಂದು, ಕೊತ್ತಂಬರಿ ಒಂದು. ಚೀಟಿಗಳನ್ನು ಅವುಗಳ ಸೀಸೆಗೇ ಹಾಕಿದೆ.

ಇನ್ನೊಂದು ಮಾತು. ಅವರ ಅಂಗಿಯ ಜೇಬಿನಲ್ಲಿದ್ದದ್ದನ್ನು ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟರು. ನಿಮ್ಮ ಕನ್ನಡಕ ನನ್ನ ಬಳಿ ಇದೆ. ಒಂದು ಗಾಜು ಸೀಳಿದೆ, ಫ್ರೇಮಿಗೆ ಏನೂ ಆಗಿಲ್ಲ. ಕಂದು ಬಣ್ಣ, ತೆಳ್ಳಗಿದೆ. ನಿಮಗೆ ಒಪ್ಪುತ್ತದೆ. ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಅಂಚೆಗೆ ಹಾಕಲೇ? ಇನ್ನು ಅದನ್ನು ನಾನು ಇಟ್ಟುಕೊಳ್ಳುವುದು ಸರಿಯಲ್ಲ.

ಸೊಸೆ


ಆಗಸ್ಟ್ 9

ನನ್ನ ಸೊಸೆಗೆ,

ಪತ್ರ ನಿನ್ನೆ ಬಂತು. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಉತ್ತರಕ್ಕೆ ಐದು ಹಾಳೆ ಬರೆದು ಒಲೆಗೆ ಹಾಕಿದೆ. ನೀನು ಹರಿಯುತ್ತೀ, ನಾನು ಸುಡುತ್ತೇನೆ.

ಮಡಿಗಳನ್ನೆಲ್ಲ ಅಗೆದು ಬಿಟ್ಟಿದ್ದಾರೆ. ಒಂದು ಗಿಡವೂ ಇಲ್ಲ, ಒಂದು ಹೇನೂ ಇಲ್ಲ. ನಿನ್ನನ್ನು ಕೇಳುವಂಥದ್ದು ನನ್ನ ಬಳಿ ಏನೂ ಉಳಿದಿಲ್ಲ.

ಕನ್ನಡಕವನ್ನು ಅಂಚೆಗೆ ಹಾಕಬೇಡ. ನೀನೇ ತಂದುಕೊಡು.

ಅತ್ತೆ